ಅಜ್ಜಿಯ ಕೈಗುಣ ಮಾರಾಟಕ್ಕೆ ಬಿದ್ದಿದೆ, ಏನು ಮಾಡಲಿ?

ಜಗಲಿಕಟ್ಟೆ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮೂರು ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಇನ್ನೂ ನೂರು ಜನ ಅಲ್ಲಿಗೆ ಹೋಗುತ್ತಾರೆ.

ನಮ್ಮಜ್ಜಿ, ಅಂದರೆ ಅಪ್ಪನ ಅವ್ವ, ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುತ್ತಾರೆ. ಸರ್ಪಸುತ್ತು ಗೊತ್ತಲ್ವಾ, ಬೆನ್ನಲ್ಲೋ ಪಕ್ಕೆಯಲ್ಲೋ ಪಟ್ಟಿಯ ಹಾಗೆ ಗುಳ್ಳೆ ಎದ್ದು ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಅಜ್ಜಿಗೆ ಇದನ್ನು ಕಲಿಸಿದ್ದು ಅವರ ಅತ್ತೆ. ಕಲಿಸುವಾಗ ಕಟ್ಟುಪಾಡನ್ನೂ ಹೇಳಿದ್ದರು. ದುಡ್ಡು ಮುಟ್ಟಬಾರದು. ಎರಡು ವೀಳ್ಯದೆಲೆ, ಒಂದು ಅಡಿಕೆ, ಅಷ್ಟೇ. ಹೊತ್ತು ಹುಟ್ಟುವ ಮೊದಲು ಬರಬೇಕು. ಮೂರು ದಿನ ಹಚ್ಚುವುದು, ನಾಲ್ಕನೇ ದಿನ ಇಲ್ಲ. ಮುಖದ ಮೇಲೆ ಎದ್ದಿದ್ದರೆ ಮುಟ್ಟಬಾರದು. ಬೇರೆ ಯಾವ ಕಾಯಿಲೆಗೂ ಕೈ ಹಾಕಬಾರದು.

ವಾರಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದರು. ಕೆಲವು ವಾರ ಯಾರೂ ಇಲ್ಲ. ನಾನು ಚಿಕ್ಕವಳಿದ್ದಾಗ ಮಣ್ಣು ಕಲಸಿ ಕೊಡುವುದು ನನ್ನ ಕೆಲಸ. ಮೊದಲು ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಒಂದು ಸಣ್ಣ ಕಲ್ಲು ಉಳಿದರೂ ಅಜ್ಜಿ ಬೈಯುತ್ತಿದ್ದರು, ಗುಳ್ಳೆ ಒಡೆಯುತ್ತದೆ ಎಂದು. ಹಚ್ಚಿ ಮುಗಿಸಿ ಕೈ ತೊಳೆದು ಕಳೆ ಕೀಳಲು ಹೊಲಕ್ಕೆ ಹೋಗುತ್ತಿದ್ದರು. ಯಾರಾದರೂ ಕೈ ಮುಗಿದರೆ ಅವರಿಗೆ ಮುಜುಗರ. "ನಂಗ್ಯಾಕವ್ವ ಮುಗೀತೀಯ, ಮಣ್ಣಿಗೆ ಮುಗಿ" ಅನ್ನುತ್ತಿದ್ದರು.

ಒಂದೂವರೆ ವರ್ಷದ ಹಿಂದೆ ಒಬ್ಬ ಹುಡುಗ ತಾಯಿಯನ್ನು ಕರೆದುಕೊಂಡು ಬಂದ. ಅಜ್ಜಿ ಮಣ್ಣು ಹಚ್ಚುವುದನ್ನು ಮೊಬೈಲಿನಲ್ಲಿ ತೆಗೆದ. ಅಜ್ಜಿಗೆ ಅದು ಗೊತ್ತೂ ಆಗಲಿಲ್ಲ. ಯೂಟ್ಯೂಬಿನಲ್ಲಿ ಆ ವಿಡಿಯೊಗೆ ಕೊಟ್ಟ ಹೆಸರು, ಮುಟ್ಟಿದರೆ ಸಾಕು ಕ್ಯಾನ್ಸರ್, ಶುಗರ್, ಲಕ್ವ ಮಾಯ. ವಿಡಿಯೊದಲ್ಲಿ ಅಜ್ಜಿ ಹೇಳಿದ್ದು ಒಂದೇ ಮಾತು. "ಬಿಸ್ಲಿಗೆ ಹೋಗ್ಬ್ಯಾಡ, ಮಜ್ಜಿಗೆ ಕುಡಿ."

ಆಮೇಲೆ ಜನ ಬಂದರು. ಮೊದಲು ಮಂಡ್ಯ, ಮೈಸೂರಿನಿಂದ. ಆಮೇಲೆ ತುಮಕೂರು, ಹೊಸೂರು ಕಡೆಯಿಂದ ಕೂಡ ಕಾರು ಮಾಡಿಕೊಂಡು. ಸುಮ್ಮನೆ ಬಂದು ಹೋಗಿದ್ದರೆ ಬೇರೆ ಮಾತು. ನಮ್ಮ ಚಿಕ್ಕಪ್ಪನ ಮಗ, ನನಗೆ ತಮ್ಮ ಆಗಬೇಕು, ಅಂಗಳಕ್ಕೆ ಶಾಮಿಯಾನ ಹಾಕಿಸಿದ. ಟೋಕನ್ ಶುರು ಮಾಡಿದ. ಮೊದಲು 50 ರೂಪಾಯಿ, ಈಗ 100. ಬೇಗ ನೋಡಬೇಕಾದರೆ 500. ಜಗಲಿ ಕಂಬಕ್ಕೆ ಫೋನ್‌ಪೇ ಸ್ಕ್ಯಾನರ್ ಅಂಟಿಸಿದ. ಪ್ಲಾಸ್ಟಿಕ್ ಪ್ಯಾಕೆಟಿನಲ್ಲಿ ಮಣ್ಣು ಮಾರುತ್ತಾನೆ, 150 ರೂಪಾಯಿ. ಆ ಮಣ್ಣು ಅಜ್ಜಿ ತರುತ್ತಿದ್ದ ಜಾಗದ್ದಲ್ಲ, ಎಲ್ಲಿಂದಲೋ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಅಜ್ಜಿ ಬೆಳಿಗ್ಗೆ ಐದಕ್ಕೆ ಕೂತರೆ ಮಧ್ಯಾಹ್ನ ಎರಡಾದರೂ ಏಳುವ ಹಾಗಿಲ್ಲ. ಅವರಿಗೆ 76 ವರ್ಷ. ಮಂಡಿ ನೋವು ಇದೆ.

ನಾನು ಇಲ್ಲಿ ಬರೆಯಲು ಕಾರಣ ಒಬ್ಬ ಹೆಂಗಸು. ಎದೆಯಲ್ಲಿ ಗಂಟಾಗಿದೆ ಎಂದು ಬಂದಿದ್ದರು. ಅಜ್ಜಿ ಸೆರಗಿನ ಮೇಲಿಂದ ಮುಟ್ಟಿ ನೋಡಿ, "ಇದು ನಂದಲ್ಲ ಕಣವ್ವ, ಇವತ್ತೇ ಆಸ್ಪತ್ರೆಗೆ ಹೋಗು" ಎಂದರು. ಹೊರಗೆ ಬಂದ ಅವರಿಗೆ ನನ್ನ ತಮ್ಮ ಹೇಳಿದ್ದು, ಅಜ್ಜಿ ಎಲ್ಲರಿಗೂ ಹಾಗೇ ಹೇಳಿ ಪರೀಕ್ಷೆ ಮಾಡುತ್ತಾರೆ, ಮೂರು ಅಮಾವಾಸ್ಯೆ ಬನ್ನಿ, ಕರಗುತ್ತದೆ. ಅವರು ಮಣ್ಣಿನ ಪ್ಯಾಕೆಟ್ ತೆಗೆದುಕೊಂಡು ಹೋದರು. ಮೂರನೇ ಅಮಾವಾಸ್ಯೆಗೆ ಮತ್ತೆ ಬಂದಾಗ ಅಜ್ಜಿ ಗುರುತು ಹಿಡಿದರು. ಗಂಟು ದೊಡ್ಡದಾಗಿತ್ತು. ಅವತ್ತಿನಿಂದ ಅಜ್ಜಿ ಸರಿಯಾಗಿ ಊಟ ಮಾಡುತ್ತಿಲ್ಲ. ರಾತ್ರಿ ಎದ್ದು ಕೂತು ಕೈ ನೋಡಿಕೊಳ್ಳುತ್ತಾರೆ.

ಹೋದ ಶುಕ್ರವಾರ ಬೆಳಿಗ್ಗೆ ಅಜ್ಜಿ ಮನೆಯಲ್ಲಿ ಇರಲಿಲ್ಲ. ಹುಡುಕಿದರೆ ಕಬ್ಬಿನ ಗದ್ದೆಯ ಒಳಗೆ ಬದುವಿನ ಮೇಲೆ ಕೂತಿದ್ದರು. ಶಾಮಿಯಾನದಲ್ಲಿ ಇನ್ನೂರು ಜನ ಕಾಯುತ್ತಿದ್ದರು.

ಇದನ್ನು ನಿಲ್ಲಿಸುವುದು ಹೇಗೆ? ಪೊಲೀಸರಿಗೆ ಹೇಳಿದರೆ ಅಜ್ಜಿಯನ್ನೇ ಹಿಡಿಯುತ್ತಾರಾ? ದಯವಿಟ್ಟು ತಿಳಿದವರು ಹೇಳಿ.

ಹೊಳೆದಂಡೆ:

ಓದಿ ಕಣ್ಣಲ್ಲಿ ನೀರು ಬಂತು ತಂಗಿ. ಮೊದಲು ಅಜ್ಜಿಯನ್ನು ಅಲ್ಲಿಂದ ನಾಲ್ಕು ದಿನ ಕರೆದುಕೊಂಡು ಬಾ. ಮಿಕ್ಕಿದ್ದು ಆಮೇಲೆ.

ಪ್ರಶ್ನೆ ಕೇಳುವವನು:

ಕಷ್ಟದ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ತಮ್ಮನದು ತಪ್ಪು, ಸರಿ. ಆದರೆ ಮಣ್ಣು ಹಚ್ಚಿದರೆ ಸರ್ಪಸುತ್ತು ವಾಸಿಯಾಗುತ್ತದೆ ಎನ್ನುವ ನಂಬಿಕೆಯನ್ನು ಊರಲ್ಲಿ ಇಷ್ಟು ವರ್ಷ ಉಳಿಸಿದ್ದು ಅಜ್ಜಿಯೇ ಅಲ್ವಾ? ಆ ನಂಬಿಕೆ ಇಲ್ಲದಿದ್ದರೆ ತಮ್ಮ ಮಾರಲು ಏನೂ ಇರುತ್ತಿರಲಿಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿಯನ್ನೇ ಮಾಡಿದ್ದರು. ಸುಮಾರು 50 ವರ್ಷ ಆಯಿತು. ನಾವು ಇನ್ನೂ ಪ್ಯಾಕೆಟಿನಲ್ಲಿ ಮಣ್ಣು ಕೊಳ್ಳುತ್ತಿದ್ದೇವೆ. ನನಗೆ ನಿಜವಾಗಿ ನೋವಾಗುತ್ತದೆ.

ಚರ್ಮವಿಭಾಗದ ಸಿಸ್ಟರ್:

ನಾನು ಇಪ್ಪತ್ತು ವರ್ಷದಿಂದ ನರ್ಸ್. ಬಹಳ ದಿನ ಚರ್ಮರೋಗದ ಹೊರರೋಗಿ ವಿಭಾಗದಲ್ಲಿ ಇದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ. ಇದನ್ನು ಅಜ್ಜಿಗೆ ಓದಿ ಹೇಳಿ.

ಸರ್ಪಸುತ್ತಿಗೂ ಹಾವಿಗೂ ಸಂಬಂಧವಿಲ್ಲ. ಚಿಕ್ಕವರಿದ್ದಾಗ ನಮಗೆ ಚಿಕನ್ ಪಾಕ್ಸ್ ಆಗಿರುತ್ತದೆ, ನಮ್ಮ ಕಡೆ ಅಮ್ಮ ಆಗಿದೆ ಅನ್ನುತ್ತಾರಲ್ಲ, ಅದು. ಗುಳ್ಳೆ ಒಣಗಿದರೂ ಆ ವೈರಸ್ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿ ನರದ ಬುಡದಲ್ಲಿ ಸುಮ್ಮನೆ ಮಲಗಿರುತ್ತದೆ. ವಯಸ್ಸಾದಾಗ, ಮೈಯಲ್ಲಿ ಶಕ್ತಿ ಕುಂದಿದಾಗ, ಎಷ್ಟೋ ವರ್ಷದ ಮೇಲೆ ಎದ್ದು ಆ ಒಂದು ನರದ ಉದ್ದಕ್ಕೂ ಹರಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಪಟ್ಟಿಯ ಹಾಗೆ ಕಾಣುವುದು. ನರ ಎಡಕ್ಕೆ ಒಂದು, ಬಲಕ್ಕೆ ಒಂದು. ಹಾಗಾಗಿ ಗುಳ್ಳೆ ಮೈಯ ಒಂದೇ ಕಡೆ ಇರುತ್ತದೆ. ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಸಾಯುತ್ತಾನೆ ಅನ್ನುತ್ತಾರೆ. ಅವು ಕೂಡುವುದೇ ಇಲ್ಲ. ಆ ಒಂದು ಮಾತಿಗೆ ಹೆದರಿ ನಿದ್ದೆ ಬಿಟ್ಟ ಎಷ್ಟು ಜನರನ್ನು ನಾನು ನೋಡಿದ್ದೇನೆ!

ಇದು ಹೆಚ್ಚಿನವರಿಗೆ 2 ರಿಂದ 4 ವಾರದಲ್ಲಿ ತಾನಾಗಿಯೇ ಒಣಗುತ್ತದೆ. ಮಣ್ಣು ಹಚ್ಚಿದರೂ ಒಣಗುತ್ತದೆ, ಹಚ್ಚದಿದ್ದರೂ ಒಣಗುತ್ತದೆ. ಒದ್ದೆ ಮಣ್ಣು ತಂಪು ಕೊಡುತ್ತದೆ, ಉರಿ ಒಂದಷ್ಟು ಹೊತ್ತು ತಗ್ಗುತ್ತದೆ, ಅದು ಸುಳ್ಳಲ್ಲ. ಆದರೆ ವೈರಸ್ಸಿಗೆ ಮಾತ್ರೆ ಇದೆ, ಅಸೈಕ್ಲೋವಿರ್. ಗುಳ್ಳೆ ಕಂಡ 72 ಗಂಟೆಯ ಒಳಗೆ ಶುರು ಮಾಡಿದರೆ ಒಳ್ಳೆಯದು. ಅಜ್ಜಿಯ ಮೂರು ದಿನ ಅಂದರೆ ಸರಿಯಾಗಿ ಆ 72 ಗಂಟೆ. ಮಣ್ಣು ಹಚ್ಚಿಸಿಕೊಂಡು ನೋಡೋಣ ಎಂದು ಕಾಯುವಷ್ಟರಲ್ಲಿ ಮಾತ್ರೆಯ ಹೊತ್ತು ಕಳೆದು ಹೋಗುತ್ತದೆ. ಗುಳ್ಳೆ ಒಣಗಿದ ಮೇಲೂ ಕೆಲವರಿಗೆ, ಅದರಲ್ಲೂ 60 ದಾಟಿದವರಿಗೆ, ತಿಂಗಳುಗಟ್ಟಲೆ ನರದ ನೋವು ಉಳಿಯುತ್ತದೆ. ರವಿಕೆ ತಾಗಿದರೂ ಚೀರುತ್ತಾರೆ.

ಮುಖದ ಮೇಲೆ ಬಂದರೆ ಮುಟ್ಟಬಾರದು ಅನ್ನುವ ಕಟ್ಟುಪಾಡು ಓದಿ ನನಗೆ ಆಶ್ಚರ್ಯವಾಯಿತು. ಹಣೆ, ಕಣ್ಣು, ಮೂಗಿನ ತುದಿ, ಇಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಅಜ್ಜಿಯ ಅತ್ತೆ ಎಷ್ಟು ಜನರನ್ನು ನೋಡಿ ಇದನ್ನು ಕಂಡುಕೊಂಡಿದ್ದರೋ!

ಇನ್ನೊಂದು, ಇದು ತುಂಬಾ ಮುಖ್ಯ. ಸರ್ಪಸುತ್ತಿನ ಗುಳ್ಳೆಯ ನೀರಿನಲ್ಲಿ ಆ ವೈರಸ್ ಇರುತ್ತದೆ. ಒಂದೇ ಬೋಗುಣಿಯ ಮಣ್ಣನ್ನು, ಅದೇ ಕೈಯಲ್ಲಿ, ಸಾಲಾಗಿ ಎಲ್ಲರಿಗೂ ಹಚ್ಚುತ್ತಿದ್ದರೆ ಅದು ಹರಡಬಹುದು. ಆ ಶಾಮಿಯಾನದಲ್ಲಿ ಬಸುರಿಯರು, ಎಳೆ ಮಕ್ಕಳು, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು ಎಲ್ಲ ಒಟ್ಟಿಗೆ ಕೂತಿರುತ್ತಾರೆ ಅಲ್ವಾ? ಚಿಕನ್ ಪಾಕ್ಸ್ ಆಗದೇ ಇರುವ ಬಸುರಿಗೆ ಅದು ಅಂಟಿದರೆ ತಾಯಿಗೂ ಮಗುವಿಗೂ ಕಷ್ಟ. ವಾರಕ್ಕೆ ಒಬ್ಬರು ಬರುತ್ತಿದ್ದಾಗ ಇಲ್ಲದ ಅಪಾಯ ಈಗ ಇದೆ.

ಎದೆಯ ಗಂಟಿನ ಆ ಹೆಂಗಸು ಎಲ್ಲಿದ್ದಾರೆ? ದಯವಿಟ್ಟು ಹುಡುಕಿ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಪರೀಕ್ಷೆ ಮಾಡದೆ ಯಾರೂ ಹೇಳಲು ಆಗುವುದಿಲ್ಲ. ಮೊದಮೊದಲು ನೋವೇ ಇರುವುದಿಲ್ಲ, ಅದಕ್ಕೇ ಹೆಂಗಸರು ಮುಂದೂಡುತ್ತಾರೆ.

ಹೇಮಾವತಿ ನಾಲೆ:

ಸಿಸ್ಟರ್ ಹೇಳಿದ ಕಣ್ಣಿನ ಮಾತು ನಮ್ಮ ಮನೆಯಲ್ಲೇ ಆಗಿದೆ. ನಮ್ಮ ಅತ್ತೆಗೆ ಹಣೆಯ ಮೇಲೆ ಎದ್ದಿತ್ತು. ನಾವು ಒಬ್ಬರ ಹತ್ತಿರ ಕರೆದುಕೊಂಡು ಹೋದೆವು, ಇವರಜ್ಜಿ ಅಲ್ಲ, ಬೇರೆ ಕಡೆ. ಅವರು ಐದು ದಿನ ಏನೋ ಹಚ್ಚಿದರು, ದಿನಕ್ಕೆ 300 ತೆಗೆದುಕೊಂಡರು. ಆರನೇ ದಿನ ಕಣ್ಣು ಮಂಜಾಯಿತು. ಈಗ ಬಲಗಣ್ಣು ಕಾಣುವುದಿಲ್ಲ. ಅವತ್ತು "ಇದು ನಂದಲ್ಲ" ಎಂದು ಹೇಳುವವರು ಸಿಕ್ಕಿದ್ದರೆ ಸಾಕಿತ್ತು. ನಿಮ್ಮಜ್ಜಿಗೆ ನನ್ನ ನಮಸ್ಕಾರ ಹೇಳಿ.

ಕೋರ್ಟ್ ರಸ್ತೆ:

ಕಾನೂನಿನ ವಿಷಯ. ನಾನು ಮಂಡ್ಯದಲ್ಲಿ ವಕೀಲ.

1954ರಲ್ಲೇ ಒಂದು ಕೇಂದ್ರ ಕಾಯ್ದೆ ಬಂದಿದೆ, ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತಿನ ಮೇಲೆ. ತಾಯತ, ಮಂತ್ರ, ಕವಚ, ಪವಾಡದ ಶಕ್ತಿ ಇದೆ ಅನ್ನುವ ಯಾವುದೇ ವಸ್ತು, ಎಲ್ಲ ಅದರಲ್ಲಿ ಸೇರುತ್ತದೆ. ಇಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಮಾಡಬಾರದು ಅನ್ನುವ ಪಟ್ಟಿಯೇ ಇದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಲಕ್ವ ಮೂರೂ ಪಟ್ಟಿಯಲ್ಲಿವೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆ ವಿಡಿಯೊದ ಹೆಸರು ನೇರವಾಗಿ ಇದರ ಕೆಳಗೆ ಬರುತ್ತದೆ.

ಎರಡನೆಯದು ನಮ್ಮ ರಾಜ್ಯದ್ದು, ಮೌಢ್ಯ ನಿಷೇಧ ಕಾಯ್ದೆ ಎಂದು ಎಲ್ಲರೂ ಕರೆಯುವ 2017ರ ಕಾಯ್ದೆ. ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಶಿಕ್ಷೆ 1 ವರ್ಷದಿಂದ 7 ವರ್ಷ, ಜೊತೆಗೆ 5,000ದಿಂದ 50,000 ರೂಪಾಯಿ ದಂಡ. ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಇದರಲ್ಲಿ ಅಪರಾಧ. ಮನೆಯಲ್ಲಿ, ಗುಡಿಯಲ್ಲಿ ಮಾಡುವ ಸಾಮಾನ್ಯ ಪೂಜೆ, ಭಜನೆಗೆ ಅಡ್ಡಿ ಇಲ್ಲ.

ಸುಳ್ಳು ಹೇಳಿ ದುಡ್ಡು ಕೀಳುವುದು ಮೋಸ. ಮೊದಲು 420 ಅನ್ನುತ್ತಿದ್ದೆವು, ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ.

ಅಜ್ಜಿಯ ಬಗ್ಗೆ ಕೇಳಿದ್ದೀರಿ. ಅವರು ದುಡ್ಡು ಮುಟ್ಟಿಲ್ಲ, ಆಸ್ಪತ್ರೆಗೆ ಹೋಗಿ ಎಂದೇ ಹೇಳಿದ್ದಾರೆ. ಆದರೆ ಕೂರುವ ಜಾಗ ಅವರದು, ಫೋಟೊ ಅವರದು. ದೂರು ಬೇರೆಯವರಿಂದ ಹೋದರೆ ಮೊದಲು ಹೆಸರು ಬರುವುದು ಅವರದೇ. ಹಾಗಾಗಿ ಮುಂಚೆಯೇ ಅಜ್ಜಿಯ ಕಡೆಯಿಂದ ಒಂದು ಹೇಳಿಕೆ ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನನ್ನ ಹೆಸರಲ್ಲಿ ದುಡ್ಡು ತೆಗೆಯುತ್ತಿದ್ದಾರೆ, ನಾನು ಒಪ್ಪಿಲ್ಲ, ಅಷ್ಟು ಬರೆದರೆ ಸಾಕು. ಹೆಬ್ಬೆಟ್ಟು ಹಾಕಿದರೂ ನಡೆಯುತ್ತದೆ. ಸ್ಕ್ಯಾನರಿನ ಫೋಟೊ, ಟೋಕನ್, ಪ್ಯಾಕೆಟ್ ಇಟ್ಟುಕೊಳ್ಳಿ.

ಜಗಲಿಕಟ್ಟೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜಿಯನ್ನು ಮೊನ್ನೆ ರಾತ್ರಿ ಮೈಸೂರಿಗೆ ಕರೆದುಕೊಂಡು ಬಂದೆ. ಸಿಸ್ಟರ್ ಬರೆದಿದ್ದನ್ನು ನಿಧಾನವಾಗಿ ಓದಿ ಹೇಳಿದೆ. ಬಸುರಿಯರ ಮಾತು ಬಂದಾಗ ಕೈ ಎತ್ತಿ ನಿಲ್ಲಿಸು ಅಂದರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ನಮ್ಮತ್ತೆ ಒಬ್ರಿಗೆ ಹಚ್ಚಿದ್ ಮಣ್ಣ ಇನ್ನೊಬ್ರಿಗೆ ಹಚ್ಚುಸ್ತಿರ್ಲಿಲ್ಲ. ಉಳುದ್ದನ್ನ ಬೇಲಿಗೆ ಚೆಲ್ಲು ಅನ್ನೋರು. ನಾನು ಜನ ಜಾಸ್ತಿ ಅಂತ ಒಂದೇ ಬೋಗುಣೀಲಿ ಹಚ್ಚಿಬುಟ್ಟೆ."

ಪ್ರಶ್ನೆ ಕೇಳುವವನು ಅಣ್ಣ, ನಿಮ್ಮ ಮಾತನ್ನೂ ಓದಿ ಹೇಳಿದೆ. ಬೇಡ ಅಂದುಕೊಂಡಿದ್ದೆ, ಆದರೆ ಮುಚ್ಚಿಡಲು ಮನಸ್ಸು ಬರಲಿಲ್ಲ. ಅಜ್ಜಿ ಹೇಳಿದ್ದು, "ಆವಪ್ಪ ದಿಟವಾಗ್ ಕೇಳವ್ನೆ. ಬಂದೋರ್ನ ಬಾಗ್ಲಲ್ಲಿ ನಿಲ್ಸಿ ಹೋಗು ಅನ್ನಕ್ಕೆ ನಂಗೆ ಬಾಯಿ ಬರಲ್ಲ. ಅದೇ ನನ್ ತಪ್ಪು."

ನನಗೆ ಅನ್ನಿಸುವುದು ಇಷ್ಟು. ಅಜ್ಜಿಯ ಮಣ್ಣಿನಲ್ಲಿ ಶಕ್ತಿ ಇತ್ತೋ ಇಲ್ಲವೋ, ಅವರ ಕಟ್ಟುಪಾಡಿನಲ್ಲಿ ಇತ್ತು. ಇಷ್ಟು ಮಾತ್ರ ನನ್ನದು, ಇದಕ್ಕಿಂತ ಆಚೆ ನನ್ನದಲ್ಲ ಎಂದು ಅವರಿಗೆ ಗೊತ್ತಿತ್ತು. ತಮ್ಮ ಮಾರಿದ್ದು ಮಣ್ಣನ್ನಲ್ಲ. ಅಜ್ಜಿಯ "ಇದು ನಂದಲ್ಲ" ಅನ್ನುವ ಮಾತನ್ನು ಕಿತ್ತು ಹಾಕಿ ಉಳಿದದ್ದನ್ನು ಮಾರಿದ. ಅದಕ್ಕೇ ನನಗೆ ಅಷ್ಟು ಸಿಟ್ಟು.

ಅವನ ಕಷ್ಟವೂ ನನಗೆ ಗೊತ್ತು. ಎರಡು ಬೋರ್ ಕೊರೆಸಿ ಎರಡೂ ನೀರು ಬರಲಿಲ್ಲ. ಕಬ್ಬಿನ ದುಡ್ಡು ಕೈಗೆ ಬರುವಷ್ಟರಲ್ಲಿ ಕೈಸಾಲದ ಬಡ್ಡಿ ಬೆಳೆದಿತ್ತು. ಈಗ ಸಾಲ ತೀರಿದೆ. ಶಾಮಿಯಾನ ಮಾತ್ರ ಹಾಗೇ ಇದೆ.

ಮಳವಳ್ಳಿ ಮೊಮ್ಮಗ:

ನಮ್ಮ ತಾತನ ಕಥೆ ಹೇಳಬೇಕು ಅನ್ನಿಸಿತು.

ತಾತ ಹಾವಿನ ಮಂತ್ರ ಹಾಕುತ್ತಿದ್ದರು. ಬೇವಿನ ಸೊಪ್ಪಿನಲ್ಲಿ ಇಳಿ ತೆಗೆಯುವುದು, ದಾರ ಕಟ್ಟುವುದು. ಹತ್ತರಲ್ಲಿ ಎಂಟು ಜನ ಬದುಕುತ್ತಿದ್ದರು ಎಂದು ಊರಲ್ಲಿ ಮಾತು. ಯಾಕೆ ಎಂದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ನಮ್ಮ ಗದ್ದೆಯಲ್ಲಿ ಇರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅವರೆಲ್ಲ ತಾತನ ಲೆಕ್ಕಕ್ಕೆ ಬರುತ್ತಿದ್ದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕು ಸರಿಯಾಗಿ ಕಚ್ಚಿದರೆ ಮಂತ್ರ ನಿಲ್ಲುವುದಿಲ್ಲ. ಈ ನಾಲ್ಕಕ್ಕೂ ಸೇರಿ ಒಂದೇ ಪ್ರತಿವಿಷದ ಇಂಜೆಕ್ಷನ್ ಇದೆ.

ಒಂದು ಸಲ ನೀರು ಕಟ್ಟಲು ಹೋದ ಹುಡುಗನಿಗೆ ಕೊಳಕುಮಂಡಲ ಕಚ್ಚಿತು. ಎರಡು ಗಂಟೆ ಮಂತ್ರ ಹಾಕಿದರು. ವಸಡಿನಲ್ಲಿ ರಕ್ತ ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟ. ಅವನು ತಾತನ ಸ್ನೇಹಿತನ ಮೊಮ್ಮಗ.

ಆಮೇಲೆ ತಾತ ಮಂತ್ರ ಬಿಡಲಿಲ್ಲ. ಬಿಟ್ಟಿದ್ದರೆ ಜನ ಇನ್ನೊಬ್ಬನ ಹತ್ತಿರ ಹೋಗುತ್ತಿದ್ದರು. ಏನು ಮಾಡಿದರು ಗೊತ್ತಾ? ಯಾರೇ ಬಂದರೂ ನನ್ನಪ್ಪನ ಬೈಕಿನಲ್ಲಿ ಕಚ್ಚಿಸಿಕೊಂಡವರನ್ನು ಮಧ್ಯೆ ಕೂರಿಸಿ, ತಾವು ಹಿಂದೆ ಕೂತು ಹಿಡಿದುಕೊಂಡು, ಮಂತ್ರ ಹೇಳುತ್ತಲೇ ಆಸ್ಪತ್ರೆಗೆ ಹೊರಡುತ್ತಿದ್ದರು. "ನನ್ ಮಂತ್ರ ಚಕ್ರ ಉರುಳ್ತಿದ್ರೇ ಹತ್ತೋದು" ಎಂದು ಹೇಳಿಬಿಟ್ಟರು. 2008ರಲ್ಲಿ 108 ಬಂದ ಮೇಲೆ ಆಂಬುಲೆನ್ಸಿನಲ್ಲೂ ಹಾಗೆಯೇ ಹೋದರು. ನಾನು ಕಂಡಂತೆ ಆಮೇಲೆ ಅವರ ಕೈಯಲ್ಲಿ ಒಬ್ಬರೂ ಸಾಯಲಿಲ್ಲ.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಒಂದು ಅಧ್ಯಯನದಲ್ಲಿ ಓದಿದ್ದೇನೆ, ವರ್ಷಕ್ಕೆ ಸರಾಸರಿ 58,000. ನಮ್ಮ ರಾಜ್ಯ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಮಾಡಿತು. ದೇಶದಲ್ಲಿ ಮೊದಲು ಮಾಡಿದ್ದು ನಾವೇ. ತಾತ ಇದ್ದಿದ್ದರೆ ಖುಷಿ ಪಡುತ್ತಿದ್ದರು.

ನಿಮ್ಮಜ್ಜಿ ಬಾಗಿಲು ಮುಚ್ಚಬಾರದು ಅನ್ನುವುದು ನನ್ನ ಅಭಿಪ್ರಾಯ. ಅವರ ಮಾತಿಗೆ ಬೆಲೆ ಇದೆ. "ಆಸ್ಪತ್ರೆಗೆ ಹೋಗು" ಅನ್ನುವುದಕ್ಕೆ ಆ ಬೆಲೆಯನ್ನು ಬಳಸಲಿ.

ಪ್ರಶ್ನೆ ಕೇಳುವವನು:

ಮಳವಳ್ಳಿಯವರೇ, ನಿಮ್ಮ ತಾತನಿಗೆ ದೊಡ್ಡ ನಮಸ್ಕಾರ. ನಾನು ಯೋಚನೆ ಮಾಡಿದ್ದು ಒಂದೇ ಕಡೆಯಿಂದ. ಅಜ್ಜಿ ನನ್ನ ಮಾತಿಗೆ ಕೊಟ್ಟ ಉತ್ತರವನ್ನು ನಾಲ್ಕು ಸಲ ಓದಿದೆ. ಆ ವಿಡಿಯೊದ ಕೊಂಡಿಯನ್ನು ನನಗೆ ಖಾಸಗಿಯಾಗಿ ಕಳಿಸಿ. ನಾವು ಹತ್ತು ಜನ ಸೇರಿ ಯೂಟ್ಯೂಬಿಗೆ ದೂರು ಹಾಕುತ್ತೇವೆ.

ಹೊಳೆದಂಡೆ:

ನಾನೂ ಒಂದು ಮಾತು ಹೇಳಲಾ? ನನ್ನ ಯಜಮಾನರು ತೀರಿಕೊಂಡ ವರ್ಷ ನನಗೆ ಸರ್ಪಸುತ್ತು ಎದ್ದಿತ್ತು. ಡಾಕ್ಟರಿಗೂ ತೋರಿಸಿದೆ, ಮಾತ್ರೆಯನ್ನೂ ನುಂಗಿದೆ. ಡಾಕ್ಟರು ಒಳ್ಳೆಯವರೇ, ಆದರೆ ಹಿಂದೆ ಅರವತ್ತು ಜನ ನಿಂತಿದ್ದರು, ಪಾಪ, ಎರಡು ನಿಮಿಷ ಕೊಟ್ಟರು. ಆಮೇಲೆ ನಮ್ಮ ಊರಿನ ಒಬ್ಬ ಅಜ್ಜಿಯ ಹತ್ತಿರವೂ ಹೋದೆ. ಅವರು ಬೆನ್ನು ಮುಟ್ಟಿ, "ರಾತ್ರಿ ನಿದ್ದೆ ಬರ್ತದಾ, ಒಬ್ಳೇ ಇದ್ದೀಯಾ, ಉಂಡ್ಯಾ" ಎಂದು ಕೇಳಿದರು. ಆರು ತಿಂಗಳಿಂದ ನನ್ನ ಮೈಯನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ವಾಸಿ ಮಾಡಿದ್ದು ಮಾತ್ರೆ ಇರಬಹುದು. ಆದರೆ ಆ ಬೆಳಿಗ್ಗೆಯನ್ನು ನಾನು ಮರೆಯುವುದಿಲ್ಲ.

ಚರ್ಮವಿಭಾಗದ ಸಿಸ್ಟರ್:

ಹೊಳೆದಂಡೆ ಅಕ್ಕ, ನೀವು ಹೇಳಿದ್ದು ಸರಿ. ಮುಟ್ಟಿ ಕೇಳಲು ನಮಗೂ ಆಸೆ ಇದೆ, ಹೊತ್ತು ಸಿಗುವುದಿಲ್ಲ. ಇದನ್ನು ನಾನು ನಾಳೆ ಡ್ಯೂಟಿಯಲ್ಲಿ ನೆನಪಿಟ್ಟುಕೊಳ್ಳುತ್ತೇನೆ.

ಮದ್ದೂರು ಆಶಾ:

ನಾನು ಆಶಾ ಕಾರ್ಯಕರ್ತೆ. ನಿಮ್ಮೂರಿನ ಆಶಾ ಅಕ್ಕನನ್ನು ಹೋಗಿ ಕಾಣಿ. ಎದೆಯ ಗಂಟಿನವರನ್ನು ಹುಡುಕಲು ಅವರಿಂದ ಆಗುತ್ತದೆ, ನಮಗೆ ಪಕ್ಕದ ಊರಿನ ಆಶಾಗಳೆಲ್ಲ ಪರಿಚಯ. ಆ ತಾಯಿಯ ಹತ್ತಿರ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಷ್ಟೋ ಜನ ದುಡ್ಡಿಗೆ ಹೆದರಿಯೇ ಮಣ್ಣು, ತಾಯತ ಎಂದು ಹೋಗುವುದು. ಇದನ್ನು ಅವರಿಗೆ ಮೊದಲು ಹೇಳಬೇಕು.

ಜಗಲಿಕಟ್ಟೆ:

ಹದಿನೆಂಟು ದಿನ ಆಯಿತು. ಏನೇನಾಯಿತು ಎಂದು ಹೇಳುತ್ತೇನೆ.

ಮೈಸೂರಿನಲ್ಲಿ ಅಜ್ಜಿಗೆ ಆಗಲಿಲ್ಲ. ನಮ್ಮದು ಮೂರನೇ ಮಹಡಿ. ಜಗಲಿ ಇಲ್ಲ, ಮಣ್ಣು ಇಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ಎಂಟನೇ ದಿನ ಕೆಳಗಿನ ಮನೆಯವರು ವಿಡಿಯೊ ನೋಡಿ ಗುರುತು ಹಿಡಿದು, ಹಣ್ಣು ಕಾಯಿ ತಂದು ಬಾಗಿಲಲ್ಲಿ ಅಡ್ಡಬಿದ್ದರು. ಅಜ್ಜಿ ಒಳಗೆ ಹೋಗಿ ಕದ ಹಾಕಿಕೊಂಡರು. "ಊರಿಗೇ ಕರ್ಕೊಂಡ್ ಹೋಗು, ಅಲ್ಲೇ ಹೇಳ್ತೀನಿ ಎಲ್ಲಾರ್ಗೂವೆ" ಎಂದರು.

ವಕೀಲ ಸರ್ ಹೇಳಿದ ಹಾಗೆ ಠಾಣೆಯಲ್ಲಿ ಹೇಳಿಕೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಅಜ್ಜಿ ಹೆಬ್ಬೆಟ್ಟು ಹಾಕುವಾಗ ತಮ್ಮನೂ ಅಲ್ಲಿಗೆ ಬಂದ. ಜೋರು ಮಾತಾಯಿತು. ಅಜ್ಜಿ ಅವನಿಗೆ ಬೈಯಲಿಲ್ಲ. "ನಿನ್ ಸಾಲ ತೀರ್ತಲ್ಲ ಮಗ, ಸಾಕು ಬುಡು" ಅಂದರು ಅಷ್ಟೇ. ಅವನು ಎದ್ದು ಹೋದ. ಮಾರನೇ ದಿನ ನಾವು ಊರಿಗೆ ಹೋದಾಗ ಶಾಮಿಯಾನ ಇರಲಿಲ್ಲ. ಸ್ಕ್ಯಾನರನ್ನು ನಾನೇ ಕೆರೆದು ತೆಗೆದೆ. ಅಂಟು ಇನ್ನೂ ಕಂಬದ ಮೇಲೆ ಇದೆ. ವಿಡಿಯೊ ಹೋಯಿತು, ದೂರು ಹಾಕಿದ ಎಲ್ಲರಿಗೂ ಋಣಿ. ಆದರೆ ಅದನ್ನೇ ತುಂಡು ಮಾಡಿ ಬೇರೆಯವರು ಹಾಕಿದ್ದಾರೆ, ನಿನ್ನೆ ಮೂರು ಕಂಡೆ.

ಈಗ ಅಜ್ಜಿ ಮೊದಲಿನ ಹಾಗೆ ಹೊತ್ತು ಹುಟ್ಟುವ ಮೊದಲು ಜಗಲಿಯಲ್ಲಿ ಕೂರುತ್ತಾರೆ. ಊರಿನ ಆಶಾ ಅಕ್ಕ ಮಂಗಳವಾರ, ಶುಕ್ರವಾರ ಬಂದು ಪಕ್ಕದಲ್ಲಿ ಕೂರಲು ಒಪ್ಪಿದ್ದಾರೆ. ಜನ ಈಗಲೂ ಮೂವತ್ತು ನಲವತ್ತು ಬರುತ್ತಾರೆ. ಅಜ್ಜಿ ಮಣ್ಣು ಹಚ್ಚುವುದನ್ನು ಪೂರ್ತಿ ನಿಲ್ಲಿಸಿದ್ದಾರೆ. ಇದು ಅವರೇ ಮಾಡಿದ ತೀರ್ಮಾನ, ನಾನು ಹೇಳಿದ್ದಲ್ಲ. ಬಂದವರ ಗುಳ್ಳೆ ನೋಡುತ್ತಾರೆ, ಎಂದಿನಿಂದ ಎಂದು ಕೇಳುತ್ತಾರೆ. ಮೂರು ದಿನದ ಒಳಗಿದ್ದರೆ, "ಇವತ್ತೇ ಓಡು, ಮಾತ್ರೆ ಐತೆ" ಅನ್ನುತ್ತಾರೆ. ಮುಖದಲ್ಲಿ ಇದ್ದರೆ ಎದ್ದು ನಿಂತು ಅವರ ಜೊತೆಯವರಿಗೆ ಜೋರು ಮಾಡುತ್ತಾರೆ. ಹಾವಿನ ತಲೆ ಬಾಲ ಕೂಡುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಾರೆ, ಸಿಸ್ಟರ್ ಹೇಳಿದ ನರದ ಮಾತನ್ನು ತಮ್ಮದೇ ಮಾತಿನಲ್ಲಿ. ಆಮೇಲೆ ಉಂಡ್ಯಾ ಎಂದು ಕೇಳುತ್ತಾರೆ.

ಕೆಲವರು ಸಿಟ್ಟಾಗಿ ಹೋಗುತ್ತಾರೆ. ಇಷ್ಟು ದೂರದಿಂದ ಬಂದೆವು, ಮುಟ್ಟಲೂ ಇಲ್ಲ ಎಂದು. ಒಬ್ಬರು ಅಜ್ಜಿಗೆ ಶಕ್ತಿ ಹೋಯಿತು ಎಂದರು. ಅಜ್ಜಿಗೆ ಅದು ಸಮಾಧಾನದ ಮಾತು. "ಹೂಂ ಕಣಪ್ಪ, ಹೋಯ್ತು, ಊರ್ಗೆಲ್ಲ ಹೇಳು" ಎಂದರು.

ಎದೆಯ ಗಂಟಿನವರು ಸಿಕ್ಕಿದರು. ಮದ್ದೂರು ಆಶಾ ಅಕ್ಕ, ನಿಮ್ಮ ಸಹಾಯ ದೊಡ್ಡದು. ಪರೀಕ್ಷೆ ಆಗಿದೆ, ಕ್ಯಾನ್ಸರ್ ಅಂತಲೇ ಬಂದಿದೆ. ಚಿಕಿತ್ಸೆ ಶುರುವಾಗಿದೆ. ಅಜ್ಜಿ ಅವರನ್ನು ನೋಡಲು ಹೋಗಬೇಕು ಅನ್ನುತ್ತಾರೆ. ಆದರೆ ಆ ಮನೆಯವರು ಸದ್ಯಕ್ಕೆ ಬೇಡ ಎಂದಿದ್ದಾರೆ. ಅವರ ಸಿಟ್ಟು ಸರಿಯೇ.

ಈಗ ಒಂದು ಸಹಾಯ ಬೇಕು. ತಮ್ಮ ಊರು ಬಿಟ್ಟು ಹೋಗಿದ್ದಾನೆ. ಉಳಿದಿದ್ದ ಮಣ್ಣಿನ ಪ್ಯಾಕೆಟ್ಟುಗಳನ್ನು ಯಾರಿಗೋ ಕೊಟ್ಟಿದ್ದಾನೆ, ಅವರು ಜಾತ್ರೆಗಳಲ್ಲಿ ಮಾರುತ್ತಿದ್ದಾರೆ. ಪ್ಯಾಕೆಟಿನ ಮೇಲೆ ಕೆಂಪು ಸೀರೆ ಉಟ್ಟ ಅಜ್ಜಿಯ ಫೋಟೊ ಇದೆ, ಕೆಳಗೆ ಫೋನ್ ನಂಬರ್ ಇದೆ. ಮಂಡ್ಯ, ಮೈಸೂರು ಕಡೆ ಯಾವ ಜಾತ್ರೆಯಲ್ಲಾದರೂ ಕಂಡರೆ ಕೊಳ್ಳಬೇಡಿ. ಎರಡೂ ಬದಿಯ ಫೋಟೊ ತೆಗೆದು, ಊರು ಮತ್ತು ದಿನ ಬರೆದು ನನಗೆ ಕಳಿಸಿ. ಠಾಣೆಗೆ ಕೊಡಬೇಕು.